ಬಣ್ಣದ ಮಾತು ಅವಳಿಗೂ ಸಲ್ಲಬೇಕು

ಕಣ್ಣಿಲ್ಲದ ಹುಡುಗಿಯೊಬ್ಬಳು ತರಗತಿಯಲ್ಲಿದ್ದರೆ ಕೆಲವು ಉಪಾಧ್ಯಾಯಿನಿಯರು ಬಣ್ಣದ ಹೆಸರು ಬಂದಲ್ಲಿ ತಡವರಿಸಿ ಮುಂದಿನ ಸಾಲಿಗೆ ಹೋಗುವದುಂಟು. ಕನಿಕರದಿಂದ ಹುಟ್ಟಿದ ಈ ಮೌನವು ಅವಳಿಗೆ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕನು 1690ರ ತನ್ನ ಗ್ರಂಥದಲ್ಲಿ ಒಬ್ಬ ಅಂಧನ ಸಂಗತಿಯನ್ನು ಹೇಳಿದ್ದಾನೆ. ಕಡುಗೆಂಪು ಎಂಥದೆಂದು ಕೇಳಲು, ಅದು ತುತೂರಿಯ ನಾದದಂತೆ ಎಂದನಂತೆ ಆ ಮನುಷ್ಯನು. ಕಾಣದವನಿಗೆ ಬಣ್ಣವನ್ನು ಮಾತಿನಿಂದ ತಿಳಿಸಲಾಗದೆಂಬದಕ್ಕೆ ಲಾಕನು ಇದನ್ನು ದೃಷ್ಟಾಂತ ಮಾಡಿಕೊಂಡನು. ನೋಟದ ಮಟ್ಟಿಗೆ ಅದು ಸರಿಯೇ. ಆದಾಗ್ಯೂ ಆ ಉತ್ತರವು ನಗತಕ್ಕದ್ದಲ್ಲ. ತುತೂರಿಯೂ ಕೆಂಪೂ ಮನಸ್ಸನ್ನು ಒಂದೇ ವಿಧವಾಗಿ ಎಬ್ಬಿಸುತ್ತವಷ್ಟೆ. 2013ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಅಮೆರಿಕ, ಮೆಕ್ಸಿಕೋ ದೇಶಗಳ ಜನರು, ಕಣ್ಣುಳ್ಳವರೇ, ಉಲ್ಲಾಸದ ಸಂಗೀತಕ್ಕೆ ಉಜ್ವಲವಾದ ಬಣ್ಣಗಳನ್ನೂ ದುಃಖದ ಸಂಗೀತಕ್ಕೆ ಮಂಕಾದವುಗಳನ್ನೂ ಆರಿಸಿದರು. ನಾದಕ್ಕೂ ಬಣ್ಣಕ್ಕೂ ನಡುವೆ ಭಾವವೇ ಸೇತುವೆಯೆಂದು ಅದರಿಂದ ಕಂಡುಬಂತು. ಆ ಭಾವವು ಅಂಧರಿಗೇನು ಕಡಿಮೆಯೇ?

‘ರಾಗ’ವೆಂಬ ಸಂಸ್ಕೃತ ಶಬ್ದಕ್ಕೆ ಬಣ್ಣವೆಂದೂ ಪ್ರೀತಿಯೆಂದೂ ಅರ್ಥವುಂಟು. ಭರತನ ನಾಟ್ಯಶಾಸ್ತ್ರವು ರೌದ್ರರಸಕ್ಕೆ ಕೆಂಪನ್ನೂ ಕರುಣಕ್ಕೆ ಪಾರಿವಾಳದ ಬೂದುಬಣ್ಣವನ್ನೂ ಹೇಳುತ್ತದೆ. ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳು (1892–1944) ಗದಗಿನಲ್ಲಿ ಅಂಧ ಬಾಲಕರಿಗೆ ರಾಗಗಳನ್ನು ಕಲಿಸಿದರು. ಶಬ್ದದ ಒಂದರ್ಥವನ್ನು ಕೊಟ್ಟು ಮತ್ತೊಂದನ್ನು ಬಚ್ಚಿಡುವದು ಯಾವ ನ್ಯಾಯ?

ಅವಳಿಗೆ ಬಣ್ಣ ಕಾಣುತ್ತದೆಂದು ನಟಿಸಬೇಕಾಗಿಲ್ಲ. ಆ ತೋರಿಕೆಯೂ ನನಗೆ ಸೇರದು. ಹಾಡು ಮುಗಿದ ಮೇಲೆ, ಇದು ನಿನಗೆ ಯಾವ ಬಣ್ಣವಾಗಿ ತೋರಿತೆಂದು ಮಿಕ್ಕವರಂತೆ ಅವಳನ್ನೂ ಕೇಳಿರಿ. ತಾಯಂದಿರೇ, ಹಬ್ಬದ ಲಂಗವನ್ನು ಕೈಗೆ ಕೊಡುವಾಗ ಅದರ ಬಣ್ಣವನ್ನೂ ಹೇಳಿರಿ.