ಬೆವರದ ಮಗು, ಬಳ್ಳಾರಿಯ ಬಿಸಿಲು

ನಮ್ಮ ಸೀಮೆಗೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಬಳ್ಳಾರಿಯವರು ನಾವೇ ನಗೆಯಾಡುತ್ತೇವೆ. ಸಿರಿಗೇರಿಯಲ್ಲಿ ಮಧ್ಯಾಹ್ನ ಬಸ್ಸಿಗೆ ಕಾದು ನಿಂತವರ ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತದಲ್ಲ, ಆ ಬೆವರು ನಮ್ಮನ್ನು ಕಾಯುತ್ತದೆ, ಅದಕ್ಕೇ ಈ ನಗೆ. ಹುಟ್ಟಿನಿಂದಲೇ ಬೆವರದ ಮಕ್ಕಳೂ ಇದ್ದಾರೆ.

ಕಾಯಿಲೆಯ ಹೆಸರು ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ. ಭ್ರೂಣದ ಹೊರಪದರದಿಂದ ಕೂದಲು, ಹಲ್ಲು, ಉಗುರು, ಬೆವರಿನ ಗ್ರಂಥಿ ಮೂಡಬೇಕು. ಅಲ್ಲಿ ಎಡವಟ್ಟಾದರೆ ಇವೆಲ್ಲ ಅರೆಬರೆ. ತಲೆಗೂದಲು ತೆಳು, ಬಾಯಲ್ಲಿ ನಾಲ್ಕಾರು ಮೊನಚು ಹಲ್ಲು, ಒಣ ಚರ್ಮ. ಬುದ್ಧಿಗೇನೂ ಕೊರತೆಯಿಲ್ಲ.

ಇದನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ ಚಾರ್ಲ್ಸ್ ಡಾರ್ವಿನ್ ಒಬ್ಬ. ಅವನಿಗೆ ಸಿಕ್ಕ ಉದಾಹರಣೆ ಇಂಗ್ಲೆಂಡಿನದಲ್ಲ, ನಮ್ಮಷ್ಟೇ ಬಿಸಿಲುಣ್ಣುವ ಸಿಂಧ್ ಪ್ರಾಂತದ ಒಂದು ಹಿಂದೂ ಮನೆತನ. ನಾಲ್ಕು ತಲೆಮಾರಿನಲ್ಲಿ ಹತ್ತು ಗಂಡಸರಿಗೆ ಹಲ್ಲು ಕಡಿಮೆ, ಮೈಮೇಲೆ ಕೂದಲು ತೀರಾ ವಿರಳ, ಬೇಸಿಗೆ ಬಂದರೆ ಒಣ ಚರ್ಮದಿಂದ ಒದ್ದಾಟ ಎಂದು 1875ರಲ್ಲಿ ಬರೆದ. ಹೆಣ್ಣುಮಕ್ಕಳಿಗೆ ಅದು ಕಾಣಿಸದಿದ್ದರೂ ಅವರ ಗಂಡುಮಕ್ಕಳಿಗೆ ಇಳಿಯುತ್ತದೆ ಎಂಬುದನ್ನೂ ಗುರುತಿಸಿದ. ಇದಕ್ಕೆ ಕಾರಣವಾದ, ಎಕ್ಸ್ ಕ್ರೋಮೋಸೋಮಿನ ಮೇಲಿರುವ ಜೀನು ಪತ್ತೆಯಾದದ್ದು 1996ರಲ್ಲಿ.

ತಾಯಿಯಿಂದ ಇಳಿಯುತ್ತದೆ ಎಂಬ ಈ ಮಾತು ಹಳ್ಳಿಗೆ ಬಂದಾಗ ತಾಯಿಯ ತಲೆಗೆ ಸುತ್ತಿಕೊಳ್ಳುತ್ತದೆ. ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದಳಂತೆ, ಅದು ತಿಂದಳಂತೆ, ಇದು ಮುಟ್ಟಿದಳಂತೆ. ಜೀನನ್ನು ಯಾರೂ ಆರಿಸಿಕೊಂಡು ಹುಟ್ಟುವುದಿಲ್ಲ. ಆ ಜೀನು ಹೊತ್ತ ತಾಯಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಅರ್ಧಕ್ಕರ್ಧ, ಅಷ್ಟೇ. ಅವಳಿಗೆ ಬೇಕಾದದ್ದು ಬೈಗುಳವಲ್ಲ, ಮುಂದಿನ ಬಸುರಿಗೆ ಮೊದಲು ಅನುವಂಶೀಯತೆ ಬಲ್ಲ ವೈದ್ಯರ ಸಲಹೆ.

ಜನ ನೋಡುವುದು ಹಲ್ಲನ್ನು, ನಗುವುದೂ ಹಲ್ಲಿಗೇ. ಅದಕ್ಕೆ ದಾರಿಯಿದೆ. ಮೂರು ನಾಲ್ಕು ವರ್ಷಕ್ಕೇ ಹಲ್ಲಿನ ಸೆಟ್ ಕಟ್ಟಿಸಬಹುದು, ದವಡೆ ಬೆಳೆದಂತೆ ಬದಲಿಸುತ್ತ ಹೋಗಬೇಕು. ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜೇ ಇದೆ. ಜೀವಕ್ಕೆ ಕುತ್ತು ತರುವುದು ಮಾತ್ರ ಸೆಕೆ. ಕೂಸಿಗೆ ಬೇಸಿಗೆಯಲ್ಲಿ ಮೇಲಿಂದ ಮೇಲೆ ಮೈ ಸುಡುತ್ತದೆ, ಜ್ವರವೆಂದು ಸಿರಪ್ ಕುಡಿಸುತ್ತಾರೆ, ಕಂಬಳಿ ಹೊದಿಸುತ್ತಾರೆ. ಹೊರಗಿನ ಬಿಸಿಗೆ ಕಾದ ಮೈ ಪ್ಯಾರಾಸಿಟಮಾಲ್‌ಗೆ ಇಳಿಯುವುದಿಲ್ಲ. ನೀರಿಗೆ, ಗಾಳಿಗೆ ಇಳಿಯುತ್ತದೆ. ಒದ್ದೆ ಬನಿಯನ್ನು, ಕುತ್ತಿಗೆಗೆ ಹಸಿ ಟವೆಲ್ಲು, ಕೈಯಲ್ಲೊಂದು ನೀರು ಚಿಮುಕಿಸುವ ಬಾಟಲಿ: ಬೆವರು ಮಾಡಬೇಕಾದ ಕೆಲಸವನ್ನು ಇವು ಮಾಡುತ್ತವೆ. ಭತ್ತ ನಾಟಿ ಮಾಡಲು, ಮೆಣಸಿನಕಾಯಿ ಬಿಡಿಸಲು ಹೋಗುವ ತಾಯಿ ಇಂಥ ಮಗುವನ್ನು ಬದುವಿನ ಮೇಲೆ ಕೂರಿಸುವಂತಿಲ್ಲ. ಕೂಲಿ ಬಿಟ್ಟು ಮನೆಯಲ್ಲಿ ಕೂರುವಂತೆಯೂ ಇಲ್ಲ. ಅಂಗನವಾಡಿಯ ಫ್ಯಾನು ತಿರುಗುತ್ತಿದೆಯೋ ಇಲ್ಲವೋ ಎಂಬುದು ಅವಳಿಗೆ ಸಣ್ಣ ಮಾತಲ್ಲ.

ಜರ್ಮನಿಯಲ್ಲಿ ಗರ್ಭದ ನೀರಿಗೇ ಕೊರತೆಯ ಪ್ರೋಟೀನು ಚುಚ್ಚಿ, ಹುಟ್ಟಿದ ಗಂಡುಮಕ್ಕಳು ಬೆವರುವಂತೆ ಮಾಡಿದ ವರದಿ 2018ರಲ್ಲಿ ಬಂತು. ಸಂತೋಷ. ಅದು ಸಿರಿಗೇರಿಗೆ ಬರುವವರೆಗೆ ಎಷ್ಟು ಬೇಸಿಗೆ ಕಳೆಯಬೇಕು? ಅಲ್ಲಿಯವರೆಗೆ ಕಾನೂನಿನ ನೆರವು ಕೇಳೋಣವೆಂದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಈ ಕಾಯಿಲೆಯ ಹೆಸರಿಲ್ಲ. ಹಾಗಾಗಿ ಪ್ರಮಾಣಪತ್ರಕ್ಕೂ ಪರದಾಟ.

ಬಿಸಿಲು ಹೆಚ್ಚೆಂದು ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುತ್ತವೆ. ಬೆವರು ಸುರಿಸಬಲ್ಲ ನೌಕರರಿಗೆ ಸಿಗುವ ಈ ಕರುಣೆ, ಬೆವರಲಾಗದ ಮಗುವಿಗೆ ಪಿ.ಟಿ. ಪೀರಿಯಡ್ಡಿನಲ್ಲಿ ಯಾಕೆ ಸಿಗಬಾರದು? ಅದಕ್ಕೆ ಆದೇಶ, ಅನುದಾನ ಯಾವುದೂ ಬೇಡ. ಮೇಷ್ಟ್ರೇ, ಟೀಚರಮ್ಮಾ, ಅಂಥ ಮಗು ನಿಮ್ಮ ತರಗತಿಯಲ್ಲಿದ್ದರೆ ಫ್ಯಾನಿನ ಕೆಳಗೆ ಕೂರಿಸಿ, ಕೇಳಿದಾಗಲೆಲ್ಲ ನಲ್ಲಿಯ ಬಳಿಗೆ ಬಿಡಿ, ಒದ್ದೆ ಅಂಗಿಗೆ ಬೈಯಬೇಡಿ. ಮಕ್ಕಳ ಆರೋಗ್ಯ ತಪಾಸಣೆಗೆಂದು ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಶಾಲೆಗೆ ಬಂದ ದಿನ ಆ ಮಗುವನ್ನೇ ಮೊದಲು ಮುಂದೆ ನಿಲ್ಲಿಸಿ.