ಗೋವಿನಜೋಳಕ್ಕೆ ಎಥೆನಾಲ್ ಒಂದೇ ದಾರಿಯೇ?

2025ರ ನವೆಂಬರಿನಲ್ಲಿ ಲಕ್ಷ್ಮೇಶ್ವರದ ರೈತರು ಗೋವಿನಜೋಳದ ಬೆಲೆಗಾಗಿ ಧರಣಿ ಕೂತಿದ್ದು ನೆನಪಿರಬೇಕು. ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಇತ್ತು, ಪೇಟೆಯಲ್ಲಿ ಕೈಗೆ ಬರುತ್ತಿದ್ದದ್ದು ಅದಕ್ಕಿಂತ ಎಷ್ಟೋ ಕಡಿಮೆ. ಧಾರವಾಡ, ಹಾವೇರಿ ಕಡೆಯೂ ಅದೇ ಗೋಳು. ಖರೀದಿ ಕೇಂದ್ರ ತೆರೆಯಿರಿ ಎಂಬ ಬೇಡಿಕೆಯ ಬೆನ್ನಿಗೇ ಜೋಳದಿಂದ ತೆಗೆಯುವ ಎಥೆನಾಲ್‌ಗೆ ಕೇಂದ್ರ ಕೊಡುವ ಕೋಟಾ ಹೆಚ್ಚಿಸಿ ಎಂಬ ಮಾತೂ ಎದ್ದಿತು.

ಡಿಸ್ಟಿಲರಿಯಲ್ಲಿ ಕೆಮಿಸ್ಟ್ ಆಗಿ ನೌಕರಿ ಮುಗಿಸಿ ಧಾರವಾಡಕ್ಕೆ ಬಂದು ಕೂತವನು ನಾನು. ಯೀಸ್ಟೇ ನನಗೆ ಅನ್ನ ಹಾಕಿದ್ದು. ಎಥೆನಾಲ್ ಬೇಡ ಎನ್ನಲು ಬಾಯಿ ಬರುವುದಿಲ್ಲ. ಆದರೆ ದಿಲ್ಲಿಯಲ್ಲಿ ಹಂಚುವ ಕೋಟಾವೊಂದನ್ನೇ ನಂಬಿ ಈ ಭಾಗದ ಜಿಲ್ಲೆಗಳು ಬಿತ್ತನೆ ಮಾಡುವುದು ಜಾಣತನವಲ್ಲ. ಅದೇ ಜೋಳದಿಂದ, ಯೀಸ್ಟನ್ನೇ ದುಡಿಸಿಕೊಂಡು, ಇನ್ನೂ ಬೆಲೆಬಾಳುವ ಪದಾರ್ಥ ತೆಗೆಯಬಹುದು.

ಹುಬ್ಬಳ್ಳಿಯ ದೊಡ್ಡ ಅಂಗಡಿಗಳ 'ಶುಗರ್ ಫ್ರೀ' ಸಾಲಿನಲ್ಲಿ ಎರಿಥ್ರಿಟಾಲ್ ಎಂಬ ಬಿಳಿ ಹರಳಿನ ಪಾಕೀಟು ಸಿಗುತ್ತದೆ. ಸಕ್ಕರೆ ಆಲ್ಕೋಹಾಲ್ ಜಾತಿಯದು, ಅಮಲೇರಿಸುವುದಿಲ್ಲ. ಸಿಹಿ ಸಕ್ಕರೆಯ ಶೇ 60–70ರಷ್ಟು. ಸಕ್ಕರೆಯ ಒಂದು ಗ್ರಾಂಗೆ 4 ಕ್ಯಾಲೊರಿ, ಇದಕ್ಕೆ 0.2 ಮಾತ್ರ. ಕಾರ್ಖಾನೆ ಮಟ್ಟದಲ್ಲಿ ಇದನ್ನು ತಯಾರಿಸುವುದು ಹುದುಗುವಿಕೆಯಿಂದಲೇ. ಜೋಳದ ಪಿಷ್ಟವನ್ನು ಗ್ಲೂಕೋಸ್ ಮಾಡಿ, ಆ ಗಟ್ಟಿ ಪಾಕಕ್ಕೆ ಮೊನಿಲಿಯೆಲ್ಲಾ ಅಥವಾ ಯಾರೋವಿಯಾ ಜಾತಿಯ ಯೀಸ್ಟ್ ಬಿಡುತ್ತಾರೆ. ಉಪ್ಪು ಸವರಿದ ಮಾವಿನ ಹೋಳು ನೀರು ಬಿಟ್ಟುಕೊಳ್ಳುವ ಹಾಗೆ, ಅಷ್ಟು ಗಟ್ಟಿ ಪಾಕದಲ್ಲಿ ಯೀಸ್ಟಿನ ಜೀವಕೋಶವೂ ನೀರು ಕಳೆದುಕೊಳ್ಳತೊಡಗುತ್ತದೆ. ಹಾಗಾಗದಿರಲೆಂದು ಅದು ತನ್ನೊಳಗೆ ಎರಿಥ್ರಿಟಾಲ್ ಮಾಡಿಕೊಳ್ಳುತ್ತದೆ, ಹೆಚ್ಚಾದದ್ದನ್ನು ಹೊರಗೆ ಬಿಡುತ್ತದೆ. ನಮಗೆ ಬೇಕಾದದ್ದು ಅದೇ.

ಇದರ ಅಣ್ಣ ಝೈಲಿಟಾಲ್. ಕಾಳು ಬಿಡಿಸಿದ ಮೇಲೆ ಉಳಿಯುವ ಜೋಳದ ದಿಂಡೇ ಅದಕ್ಕೆ ಕಚ್ಚಾವಸ್ತು, ನಮ್ಮಲ್ಲಿ ಒಲೆಗೆ ಹೋಗುವಂಥದ್ದು. ಬಹುತೇಕ ಕಾರ್ಖಾನೆಗಳು ನಿಕ್ಕಲ್ ಬಳಸಿ, ಭಾರಿ ಒತ್ತಡದಲ್ಲಿ ಹೈಡ್ರೋಜನ್ ಹಾಯಿಸಿ ಇದನ್ನು ತಯಾರಿಸುತ್ತವೆ. ಕ್ಯಾಂಡಿಡಾ ಟ್ರಾಪಿಕಾಲಿಸ್ ಎಂಬ ಯೀಸ್ಟ್ ಅದೇ ಕೆಲಸವನ್ನು ಸಾಧಾರಣ ಬಿಸಿಯಲ್ಲಿ, ಒತ್ತಡವಿಲ್ಲದೆ ಮಾಡುತ್ತದೆ. ಗುವಾಹಟಿ ಐಐಟಿಯವರು ಕಬ್ಬಿನ ಬಗ್ಯಾಸಿನಿಂದ ಹೀಗೆ ತೆಗೆದು ತೋರಿಸಿದ್ದಾರೆ. ಆದರೆ ಸಕ್ಕರೆ ಬಿಡಿಸಲು ದಿಂಡನ್ನು ಆಮ್ಲದಲ್ಲಿ ಬೇಯಿಸುವಾಗ ಹುಟ್ಟುವ ಫರ್ಫ್ಯುರಾಲ್, ಅಸೆಟಿಕ್ ಆಮ್ಲ ಯೀಸ್ಟಿಗೆ ಆಗಿಬರುವುದಿಲ್ಲ. ಮೊದಲು ಅವನ್ನು ತೆಗೆಯಬೇಕು, ಆ ಖರ್ಚು ಬೇರೆ.

ನಿಜವಾದ ತೊಡಕು ಇರುವುದು ಹುದುಗು ಮುಗಿದ ಮೇಲೆ. ಎಥೆನಾಲ್‌ನದು ಸುಲಭ: ಕಾಯಿಸಿದರೆ ಆವಿಯಾಗಿ ತಾನೇ ಮೇಲೇರುತ್ತದೆ, ಕೊಳೆಯೆಲ್ಲ ಕೆಳಗೆ ಉಳಿಯುತ್ತದೆ. ಸಕ್ಕರೆ ಆಲ್ಕೋಹಾಲ್ ಹಾಗೆ ಮೇಲೇರುವುದಿಲ್ಲ. ಸತ್ತ ಯೀಸ್ಟು, ಲವಣ, ಬಣ್ಣ, ಉಳಿದ ಸಕ್ಕರೆ ಎಲ್ಲದರ ಜೊತೆ ಅದೇ ರಾಡಿಯಲ್ಲಿ ಇರುತ್ತದೆ. ಸಣ್ಣ ರಂಧ್ರದ ಪೊರೆಯಲ್ಲಿ ಸೋಸಿ ಯೀಸ್ಟ್ ತೆಗೆಯಬೇಕು, ಇದ್ದಿಲಿನ ಪುಡಿಯಿಂದ ಬಣ್ಣ ಹೀರಿಸಬೇಕು, ರೆಸಿನ್ ಕಂಬಗಳಲ್ಲಿ ಹಾಯಿಸಿ ಲವಣ ಇಳಿಸಬೇಕು. ಆಮೇಲೆ ಆವಿಯಾಗಿಸಿ, ನಿಧಾನಕ್ಕೆ ತಣಿಸಿ, ಹರಳುಗಟ್ಟಿಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಬೇಕು. ಎರಿಥ್ರಿಟಾಲ್ ನೀರಿನಲ್ಲಿ ಸಕ್ಕರೆಯಷ್ಟು ಕರಗುವುದಿಲ್ಲವಾದ್ದರಿಂದ ಬೇಗ ಹರಳಾಗುತ್ತದೆ, ಝೈಲಿಟಾಲ್ ಸತಾಯಿಸುತ್ತದೆ.

ಈ ಕೊನೆಯ ಕೆಲಸಗಳನ್ನು ಓದಿದರೆ ಬೆಳಗಾವಿ, ಬಾಗಲಕೋಟೆಯ ಯಾವ ಸಕ್ಕರೆ ಕಾರ್ಖಾನೆಯವನಾದರೂ ನಗುತ್ತಾನೆ. ಪ್ಯಾನಿನಲ್ಲಿ ಹರಳು ಕೂರಿಸುವುದು ನಮ್ಮ ಪ್ಯಾನ್‌ಮನ್‌ಗಳಿಗೆ ಕರತಲಾಮಲಕ. ಯೀಸ್ಟ್ ಸಾಕುವುದನ್ನು ಡಿಸ್ಟಿಲರಿಯವರಿಗೆ ಯಾರೂ ಕಲಿಸಬೇಕಿಲ್ಲ. ಜೋಳದಿಂದ ಪಿಷ್ಟ ತೆಗೆಯುವ ಕಾರ್ಖಾನೆ ಹುಬ್ಬಳ್ಳಿಯ ಬದಿಯಲ್ಲೇ ಇದೆ. ಧಾರವಾಡದಲ್ಲಿ 1986ರಿಂದ ಕೃಷಿ ವಿಶ್ವವಿದ್ಯಾಲಯ, 2016ರಿಂದ ಐಐಟಿ, ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ. ಇಷ್ಟು ಜನರನ್ನು ಒಂದು ಮೇಜಿನ ಸುತ್ತ ಕೂರಿಸಿದವರು ಮಾತ್ರ ನನಗೆ ಕಂಡಿಲ್ಲ.

ನಾಳೆಯೇ ದೊಡ್ಡ ಕಾರ್ಖಾನೆ ಹಾಕಿ ಎನ್ನುತ್ತಿಲ್ಲ. ಎರಿಥ್ರಿಟಾಲ್‌ನಲ್ಲಿ ಚೀನಾದ ಹಿಡಿತ ಎಷ್ಟೆಂದರೆ, ಅಗ್ಗದ ಸರಕು ತಾಳಲಾರದೆ ಐರೋಪ್ಯ ಒಕ್ಕೂಟ 2025ರ ಜನವರಿಯಲ್ಲಿ ಅದರ ಮೇಲೆ ಸುಂಕ ಹೇರಿತು. ಅಂಥ ಪೇಟೆಗೆ ಕಣ್ಣು ಮುಚ್ಚಿ ಇಳಿದರೆ ಸಾಲವೇ ಗತಿ. ಆರೋಗ್ಯದ ಹೆಸರಿನಲ್ಲಿ ಡಂಗುರ ಸಾರುವುದೂ ಬೇಡ. ರಕ್ತದಲ್ಲಿ ಎರಿಥ್ರಿಟಾಲ್ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಂಡಿದೆ ಎಂದು 2023ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು ಬರೆದರು. ಕಾರಣ ಅದೇ ಎಂದು ಅದರಿಂದ ಸಾಬೀತಾಗದು, ಆದರೆ ತಳ್ಳಿಹಾಕುವ ಮಾತೂ ಅಲ್ಲ. ಹೆಚ್ಚು ತಿಂದರೆ ಹೊಟ್ಟೆ ಕೆಡುತ್ತದೆ. ಝೈಲಿಟಾಲ್ ನಾಯಿಗಳಿಗೆ ವಿಷ. ಇನ್ನು ಧಾರವಾಡ ಪೇಡಾಕ್ಕೆ ಎರಿಥ್ರಿಟಾಲ್ ಹಾಕಲು ಹೊರಟವರಿಗೆ ನನ್ನದೊಂದು ಕೈಮುಗಿತ: ಅದು ಬಾಯಿಗೆ ತಣ್ಣಗೆ ಹತ್ತುತ್ತದೆ, ತಣಿದ ಮೇಲೆ ಮರಳು ಮರಳಾಗುತ್ತದೆ. ಪೇಡಾ ಇದ್ದಂತೆ ಇರಲಿ, ಬೇಕಾದರೆ ಒಂದು ಕಡಿಮೆ ತಿನ್ನಿ.

ಹಾಗಾದರೆ ಬೇಕಾದದ್ದೇನು? ಸರ್ಕಾರ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಕೆಲವು ಸಾವಿರ ಲೀಟರಿನ ಹುದುಗು ತೊಟ್ಟಿ, ಅದಕ್ಕೆ ತಕ್ಕ ರೆಸಿನ್ ಕಂಬ, ಹರಳುಗಟ್ಟಿಸುವ ಪ್ಯಾನ್ ಇರುವ ಪ್ರಾಯೋಗಿಕ ಘಟಕವೊಂದನ್ನು ಹಾಕಲಿ. ಕಾರ್ಖಾನೆಯವರು, ರೈತರ ಕಂಪನಿಗಳು ಬಾಡಿಗೆ ಕೊಟ್ಟು ತಮ್ಮ ಜೋಳ, ತಮ್ಮ ದಿಂಡು ತಂದು ಪರೀಕ್ಷಿಸಿಕೊಳ್ಳಲಿ. ಕಿಲೋ ಹರಳಿಗೆ ಎಷ್ಟು ಖರ್ಚು ಬಿತ್ತು ಎಂಬ ಲೆಕ್ಕ ಎಲ್ಲರಿಗೂ ತೆರೆದಿರಲಿ. ಲೆಕ್ಕ ಕೂಡದಿದ್ದರೆ ಬಿಟ್ಟುಬಿಡೋಣ. ಈ ಭಾಗದ ಶಾಸಕರು ಬರುವ ಬಜೆಟ್ಟಿಗೆ ಮುಂಚೆ ಇಷ್ಟನ್ನಾದರೂ ಕೇಳಬೇಕು.