ಪ್ರಿಂಟರ್ ಸಿಗ್ತಾ ಇಲ್ಲ, ತಾತ!

ಮಕ್ಕಳೇ, ಮೊದಲು ಒಂದು ಪ್ರಶ್ನೆ. ಮನೆಯಲ್ಲಿ ಇಂಟರ್ನೆಟ್ ಹೋಗಿದೆ, ಆದರೆ ವೈಫೈ ಪೆಟ್ಟಿಗೆಗೆ ಕರೆಂಟ್ ಇದೆ. ಟ್ಯಾಬ್‌ನಲ್ಲಿ ಆಗಲೇ ಇಳಿಸಿಕೊಂಡಿರುವ ಪಾಠದ ಹಾಳೆಯನ್ನು ವೈಫೈ ಪ್ರಿಂಟರ್‌ನಲ್ಲಿ ತೆಗೆಯಬಹುದೇ? 'ನೆಟ್ ಇಲ್ಲದೆ ಹೇಗೆ ತಾತ?' ಎನ್ನುತ್ತೀರಿ. ಸಾಮಾನ್ಯವಾಗಿ ತೆಗೆಯಬಹುದು. ಕಂಪನಿಯ ಆಪ್ ಲಾಗಿನ್ ಆಗು ಎಂದು ಹಟ ಹಿಡಿದರೆ ಮಾತ್ರ ಬೇರೆ ಮಾತು. ನೀವು ಪ್ರಿಂಟ್ ಒತ್ತಿದಾಗ ಆ ಹಾಳೆ ಊರು ಸುತ್ತಿ ಬರುವುದಿಲ್ಲ. ಟ್ಯಾಬ್‌ನಿಂದ ವೈಫೈ ಪೆಟ್ಟಿಗೆಗೆ, ಅಲ್ಲಿಂದ ಪ್ರಿಂಟರ್‌ಗೆ, ನಡುಮನೆಯಿಂದ ಅಡುಗೆಮನೆಗೆ ಹೋದಷ್ಟೇ ದೂರ. ಹಾಗೆಯೇ ಯೂಟ್ಯೂಬ್ ಚೆನ್ನಾಗಿ ಓಡುತ್ತಿದ್ದರೂ ಪ್ರಿಂಟರ್ ಸಿಗದೇ ಹೋಗಬಹುದು.

ಹೋದ ವರ್ಷ ಪಕ್ಕದ ಮನೆಯಲ್ಲಿ ಆದದ್ದು ಇದೇ. ಐದನೇ ತರಗತಿಯ ಹುಡುಗ, ಬೆಳಗಾದರೆ ನವೋದಯ ವಿದ್ಯಾಲಯದ ಪ್ರವೇಶ ಪರೀಕ್ಷೆ. ಪ್ರವೇಶಪತ್ರ ಟ್ಯಾಬ್‌ನಲ್ಲಿದೆ, ಹಾಳೆಗೆ ಇಳಿಯುತ್ತಿಲ್ಲ. ರಾತ್ರಿ ಒಂಬತ್ತೂವರೆ. ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿ ಬಾಗಿಲು ಹಾಕಿಯಾಗಿತ್ತು, ಬೆಳಿಗ್ಗೆ ಏಳಕ್ಕೆಲ್ಲ ಅವರು ಬಸ್ಸು ಹಿಡಿಯಬೇಕು. 'ಸ್ವಲ್ಪ ಬಂದು ನೋಡ್ತೀರಾ? ಮಗು ಅಳ್ತಾ ಕೂತಿದೆ' ಎಂದು ಅವನ ಅಜ್ಜಿ ಬಂದರು. ನಾನು ಹೋಗುವಷ್ಟರಲ್ಲಿ ಹುಡುಗ ಪ್ರಿಂಟರನ್ನು ನಾಲ್ಕು ಸಲ ಆರಿಸಿ ಹೊತ್ತಿಸಿದ್ದ. ಅವರಪ್ಪ ಬೆಂಗಳೂರಿನಿಂದ ಫೋನಿನಲ್ಲಿ 'ಆಪ್ ತೆಗೆದು ಮತ್ತೆ ಹಾಕು' ಎನ್ನುತ್ತಿದ್ದರು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಸಂಜೆ ಲೆಕ್ಕ ಟ್ಯಾಲಿ ಆಗದಿದ್ದರೆ ಎಲ್ಲ ಪುಸ್ತಕಗಳನ್ನೂ ಒಟ್ಟಿಗೆ ಹರಡಿಕೊಂಡು ಕೂರುವಂತಿರಲಿಲ್ಲ. ಕ್ಯಾಷ್ ಸರಿ ಇದೆಯೇ, ಪಕ್ಕಕ್ಕಿಡು. ವೋಚರ್ ಸರಿ ಇದೆಯೇ, ಪಕ್ಕಕ್ಕಿಡು. ಉಳಿದದ್ದರಲ್ಲೇ ತಪ್ಪು ಅಡಗಿರುತ್ತದೆ. ಇಲ್ಲಿಯೂ ಅದೇ ಮಾಡಿದೆ. ಪ್ರಿಂಟರಿನ ಗಾಜಿನ ಮೇಲೆ ಹುಡುಗನ ನೋಟ್‌ಬುಕ್ ಇಟ್ಟು ಕಾಪಿ ಗುಂಡಿ ಒತ್ತಿದೆ. ನಕಲು ಬಂತು. ಅಂದರೆ ಶಾಯಿ, ಹಾಳೆ, ಯಂತ್ರ ಮೂರೂ ಸರಿ. ಅದರ ವೈಫೈ ದೀಪ ಮಿಣುಕದೆ ಉರಿಯುತ್ತಿತ್ತು, ಅದೂ ಸರಿ. ಉಳಿದದ್ದು ಟ್ಯಾಬ್. ತೆರೆಯ ಮೇಲಂಚಿನಲ್ಲಿ ನೋಡಿದರೆ ವೈಫೈ ಗುರುತೇ ಇಲ್ಲ, '4ಜಿ' ಎಂದಿದೆ! ಒಳಗೆ ಸಿಮ್ ಇತ್ತು. ವೈಫೈ ಕಳಚಿಕೊಂಡಾಗ ಅದು ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಹೊರಳಿತ್ತು. ನೆಟ್ ಓಡುತ್ತಿದ್ದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಪ್ರಿಂಟರ್ ಮನೆಯೊಳಗಿದ್ದರೆ ಟ್ಯಾಬ್ ಬೀದಿಯಲ್ಲಿ ನಿಂತು ಕೂಗುತ್ತಿದ್ದಂತೆ. ವೈಫೈಗೆ ಸೇರಿಸಿದೆವು, ನಿಮಿಷದೊಳಗೆ ಹಾಳೆ ಬಂತು. ಎರಡು ಪ್ರತಿ ತೆಗೆಸಿ ಒಂದನ್ನು ಅಜ್ಜಿಯ ಕೈಚೀಲಕ್ಕೆ ಹಾಕಿಸಿದೆ.

ಎಲ್ಲರ ಮನೆಯ ಕಥೆಯೂ ಇಷ್ಟು ಸುಲಭವಲ್ಲ. ಕೆಲವು ಪೆಟ್ಟಿಗೆಗಳು ಎರಡು ಹೆಸರಿನ ವೈಫೈ ಕೊಡುತ್ತವೆ, ಒಂದರ ಕೊನೆಗೆ '5ಜಿ' ಎಂದಿರುತ್ತದೆ. ಅದು ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್ ಎಂಬ ತರಂಗದ ಸೂಚನೆ. ಕಡಿಮೆ ಬೆಲೆಯ ಅನೇಕ ಪ್ರಿಂಟರ್‌ಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ಎರಡರ ನಡುವೆ ಸಾಮಾನ್ಯವಾಗಿ ಓಡಾಟ ಇರುತ್ತದೆ, ಕೆಲವು ಪೆಟ್ಟಿಗೆಗಳಲ್ಲಿ ಇರುವುದಿಲ್ಲ. ಟ್ಯಾಬನ್ನೂ ಪ್ರಿಂಟರ್ ಇರುವ ಹೆಸರಿಗೇ ಸೇರಿಸಿ ನೋಡಿ. 'ಗೆಸ್ಟ್' ಎಂಬ ಅತಿಥಿ ವೈಫೈಯಲ್ಲಿದ್ದರಂತೂ ಪ್ರಿಂಟರ್ ಕಾಣದಿರುವುದೇ ಹೆಚ್ಚು. ಜಗಲಿಯವರೆಗೆ ಬಂದವರಿಗೆ ಒಳಮನೆ ತೋರಿಸುವುದಿಲ್ಲವಲ್ಲ, ಹಾಗೆ.

ಇಂಟರ್ನೆಟ್‌ನವರು ಬಂದು ಪೆಟ್ಟಿಗೆ ಬದಲಿಸಿ ಹೋದರೆಂದುಕೊಳ್ಳಿ. ಫೋನುಗಳಿಗೆಲ್ಲ ಹೊಸ ಪಾಸ್‌ವರ್ಡ್ ಹಾಕುತ್ತೇವೆ, ಪ್ರಿಂಟರನ್ನು ಮರೆಯುತ್ತೇವೆ. ಅದು ಪಾಪ, ಹಳೆಯ ಹೆಸರನ್ನೇ ಹುಡುಕುತ್ತಾ ದೀಪ ಮಿಣುಕಿಸುತ್ತಿರುತ್ತದೆ. ಪೆಟ್ಟಿಗೆಯಲ್ಲೂ ಪ್ರಿಂಟರಿನಲ್ಲೂ ಡಬ್ಲ್ಯುಪಿಎಸ್ ಗುಂಡಿ ಇದ್ದರೆ ಒಂದನ್ನು ಒತ್ತಿ ಎರಡು ನಿಮಿಷದೊಳಗೆ ಇನ್ನೊಂದನ್ನು ಒತ್ತಿದರೆ ಪರಿಚಯವಾಗುತ್ತದೆ. ಇಲ್ಲದಿದ್ದರೆ ಪ್ರಿಂಟರ್ ಕಂಪನಿಯ ಆಪ್‌ನಿಂದ ಹೊಸ ಹೆಸರು ಹೇಳಿಕೊಡಬೇಕು.

ನಿನ್ನೆ ಸಿಕ್ಕಿದ ಪ್ರಿಂಟರ್ ಇವತ್ತು ಏಕೆ ಸಿಗುವುದಿಲ್ಲ? ಅಜ್ಜ-ಅಜ್ಜಿಯರಿಗೆ ಬ್ಯಾಂಕಿನ ಹಿತ್ತಾಳೆ ಟೋಕನ್ ನೆನಪಿರಬಹುದು. ಚೆಕ್ ಕೊಟ್ಟು ಟೋಕನ್ ಹಿಡಿದು ಬೆಂಚಿನ ಮೇಲೆ ಕೂತರೆ ಕ್ಯಾಷಿಯರ್ ಹೆಸರು ಕೂಗುತ್ತಿರಲಿಲ್ಲ, ನಂಬರ್ ಕೂಗುತ್ತಿದ್ದರು. ವೈಫೈ ಪೆಟ್ಟಿಗೆಯೂ ಮನೆಯ ಪ್ರತಿ ಯಂತ್ರಕ್ಕೂ ಹೀಗೊಂದು ನಂಬರ್ ಕೊಡುತ್ತದೆ. ಕರೆಂಟ್ ಹೋಗಿ ಬಂದಾಗ ಪ್ರಿಂಟರಿಗೆ 5ರ ಬದಲು 9 ಸಿಕ್ಕಿರಬಹುದು. ಟ್ಯಾಬ್ ಇನ್ನೂ 5ನ್ನೇ ಕೂಗುತ್ತಿದ್ದರೆ ಎದ್ದು ಬರುವವರು ಯಾರು? ಪೆಟ್ಟಿಗೆಯನ್ನು ಆರಿಸಿ ಹೊತ್ತಿಸಿ, ಅದು ಪೂರ್ತಿ ಎದ್ದ ಮೇಲೆ ಪ್ರಿಂಟರ್, ಆಮೇಲೆ ಟ್ಯಾಬ್. ಈ ಕ್ರಮ ಮುಖ್ಯ. ಆಗಲೂ ಆಗದಿದ್ದರೆ ಟ್ಯಾಬ್‌ನ ಪಟ್ಟಿಯಿಂದ ಹಳೆಯ ಪ್ರಿಂಟರನ್ನು ಅಳಿಸಿ ಹೊಸದಾಗಿ ಹುಡುಕಿ.

ಆಂಡ್ರಾಯ್ಡ್ ಟ್ಯಾಬ್ ಆದರೆ ಸೆಟ್ಟಿಂಗ್ಸ್‌ನಲ್ಲಿ 'ಪ್ರಿಂಟಿಂಗ್' ಎಂದು ಹುಡುಕಿ, ಪ್ರಿಂಟ್ ಸರ್ವಿಸ್ ಆನ್ ಇದೆಯೇ ನೋಡಿ. ಐಪ್ಯಾಡ್‌ನಲ್ಲಿ ಕಂಪನಿಯ ಆಪ್ ಮೊದಲ ಸಲ ತೆರೆದಾಗ 'ಲೋಕಲ್ ನೆಟ್‌ವರ್ಕ್' ನೋಡಲು ಅನುಮತಿ ಕೇಳುತ್ತದೆ. ಅವಸರದಲ್ಲಿ ಬೇಡ ಎಂದು ಒತ್ತಿದ್ದರೆ ಆ ಆಪ್‌ಗೆ ಪ್ರಿಂಟರ್ ಕಾಣುವುದಿಲ್ಲ. ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಮತ್ತೆ ಅನುಮತಿ ಕೊಡಬಹುದು.

ಪ್ರಿಂಟರ್ ಸಿಕ್ಕಿಯೂ ಹಾಳೆ ಬಾರದಿದ್ದರೆ ಎರಡು ಕಡೆ ಕಣ್ಣು ಹಾಯಿಸಿ. ಮೊದಲೇ ಕಳಿಸಿದ ಯಾವುದೋ ಹಾಳೆ ಸಿಕ್ಕಿಕೊಂಡು ಹಿಂದಿನವನ್ನೆಲ್ಲ ತಡೆದಿರಬಹುದು, ಅದನ್ನು ರದ್ದು ಮಾಡಿ. ಇನ್ನೊಂದು, ಹಾಳೆಯ ಅಳತೆ. ನಾವು ತರುವ ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಟ್ಯಾಬ್‌ನಲ್ಲಿ ಅಮೆರಿಕದ 'ಲೆಟರ್' ಅಳತೆ ಆಯ್ಕೆಯಾಗಿದ್ದರೆ ಕೆಲವು ಪ್ರಿಂಟರ್‌ಗಳು ಆ ಹಾಳೆ ಬರಲಿ ಎಂದು ಸುಮ್ಮನೆ ಕಾಯುತ್ತವೆ. ಇದಕ್ಕೆ ಸಿಟ್ಟು ಬಂದು ತಟ್ಟೆಯನ್ನು ಎಳೆದಾಡಿದವರನ್ನು ಕಂಡಿದ್ದೇನೆ.

'ಇಷ್ಟೆಲ್ಲ ತಲೆನೋವು ಯಾಕೆ, ಅಂಗಡಿಗೆ ವಾಟ್ಸಾಪ್ ಮಾಡಿದರೆ ಮುಗೀತು' ಎನ್ನುವ ಹಿರಿಯರಿದ್ದಾರೆ. ಮಕ್ಕಳ ಚಿತ್ರವಾದರೆ ಧಾರಾಳವಾಗಿ ಮಾಡಿ. ಆಧಾರ್, ಪಾಸ್‌ಬುಕ್, ಪಿಂಚಣಿ ಕಾಗದ ಕಳಿಸಿದರೆ ಹಾಳೆ ನಮ್ಮ ಕೈಗೆ ಬಂದ ಮೇಲೂ ಅದರ ಪ್ರತಿ ಅವರ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಅಂಗಡಿಯವರು ಒಳ್ಳೆಯವರೇ, ಆದರೆ ಆ ಕಂಪ್ಯೂಟರಿನ ಮುಂದೆ ದಿನಕ್ಕೆ ಎಷ್ಟು ಜನ ಕೂರುತ್ತಾರೋ! ಹಾಗಾಗಿ ನನ್ನ ಕಾಗದಗಳು ನಮ್ಮ ಮನೆಯ ಪ್ರಿಂಟರಿನಲ್ಲೇ ಬರಲಿ ಎಂಬುದು ನನ್ನ ಹಟ.

ಮಕ್ಕಳಿಗೆ ಈ ಭಾನುವಾರದ ಕೆಲಸ: ಮನೆಯ ಪ್ರಿಂಟರ್ ಯಾವ ಹೆಸರಿನ ವೈಫೈಯಲ್ಲಿದೆ ಎಂದು ಪತ್ತೆ ಮಾಡಿ, ದೊಡ್ಡ ಅಕ್ಷರದಲ್ಲಿ ಚೀಟಿ ಬರೆದು ಪ್ರಿಂಟರಿನ ಪಕ್ಕಕ್ಕೆ ಅಂಟಿಸಿ. ಅಜ್ಜಿಗೆ ಕನ್ನಡಕ ಇಲ್ಲದೆಯೂ ಕಾಣುವಂತಿರಲಿ. ಪಾಸ್‌ವರ್ಡ್ ಮಾತ್ರ ಬರೆಯಬೇಡಿ.